48 ಕೆಬಿಯಲ್ಲಿ ಯುದ್ಧ ಮಾಡಿದವರು ಯಾರ್ಯಾರಿದ್ದೀರಿ?

#1 ರಬ್ಬರ್ ಕೀಲಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಹೋದ ವಾರ ಅಮ್ಮನ ಮನೆಯ ಅಟ್ಟ ಖಾಲಿ ಮಾಡುತ್ತಿದ್ದೆವು. ಹಿತ್ತಾಳೆ ಕೊಳದಪ್ಪಲೆಯೊಳಗೆ ಹಳೇ ಪಂಚೆಯಲ್ಲಿ ಸುತ್ತಿದ ಗಂಟು ಸಿಕ್ಕಿತು. ಬಿಚ್ಚಿದರೆ ನಮ್ಮ ಜೆಡ್‌ಎಕ್ಸ್ ಸ್ಪೆಕ್ಟ್ರಮ್, ಟಿವಿಗೆ ಹಾಕಿ ಆಡುತ್ತಿದ್ದ ಹಳೇ ಕಂಪ್ಯೂಟರ್! 48 ಕೆಬಿ ಮೆಮೊರಿಯ ಮಾಡೆಲ್. ರಬ್ಬರ್ ಕೀಲಿಗಳು ಅಂಟಂಟಾಗಿವೆ. ಮೂಲೆಯ ನಾಲ್ಕು ಬಣ್ಣದ ಪಟ್ಟೆ ಮಾತ್ರ ಹಾಗೇ ಇದೆ. ಅಟ್ಟದ ಮೇಲೇ ಕೂತುಬಿಟ್ಟೆ. ಕೆಳಗಿಂದ ಅಮ್ಮ ಕರೆದದ್ದೂ ಕೇಳಿಸಲಿಲ್ಲ.

ಚಿಕ್ಕಪ್ಪ 1986ರಲ್ಲಿ ಇಂಗ್ಲೆಂಡಿನಿಂದ ತಂದದ್ದು. ಅಲ್ಲಿ ಅದು 1982ರಲ್ಲೇ ಬಂದಿತ್ತು. ನಮ್ಮ ಟಿವಿಗೆ ಹಾಕಿದರೆ ಬರೀ ಇರುವೆ. ಸ್ಪೆಕ್ಟ್ರಮ್ ಚಿತ್ರ ಕಳಿಸೋದು ಯುಎಚ್‌ಎಫ್ ಚಾನೆಲ್ 36ರಲ್ಲಿ. ನಮ್ಮ ಟಿವಿಯಲ್ಲಿದ್ದದ್ದು ವಿಎಚ್‌ಎಫ್ ಮಾತ್ರ. ಮೂರು ವಾರ ಬೀರುವಿನ ಮೇಲೆ ಇತ್ತು. ಕೊನೆಗೆ ನಮ್ಮ ಬೀದಿಯ ರೇಡಿಯೋ ರಿಪೇರಿಯವರು ಬಂದು, ಎರಡನ್ನೂ ಬಿಚ್ಚಿ, ಒಳಗಿಂದಲೇ ತಂತಿ ಬೆಸೆದು ಚಿತ್ರ ಬರಿಸಿದರು. ದುಡ್ಡು ತಗೊಳ್ಳಲಿಲ್ಲ. ಒಂದು ಗಂಟೆ ನಮ್ಮ ಜೊತೆ ಕೂತು ಆಡಿ ಹೋದರು.

ನಾನು ಇಲ್ಲಿ ಬರೆಯೋಕೆ ಬಂದದ್ದು ಒಂದು ಆಟಕ್ಕಾಗಿ. ಕೇಯಾಸ್. ಜೂಲಿಯನ್ ಗೊಲ್ಲಪ್ ಮಾಡಿದ್ದು, 1985ರಲ್ಲಿ ಗೇಮ್ಸ್ ವರ್ಕ್‌ಶಾಪ್ ಹೊರತಂದದ್ದು. ಮಾಂತ್ರಿಕರ ಯುದ್ಧ. ಎಂಟು ಜನರ ತನಕ ಆಡಬಹುದು, ಎಲ್ಲರಿಗೂ ಅದೇ ಒಂದು ಕೀಬೋರ್ಡ್. ಇಸ್ಪೀಟು ಹಂಚಿದ ಹಾಗೆ ಶುರುವಿನಲ್ಲೇ ಒಬ್ಬೊಬ್ಬರಿಗೆ ಒಂದಿಷ್ಟು ಮಂತ್ರ ಬರುತ್ತದೆ. ಪ್ರತಿ ಸರದಿಯಲ್ಲಿ ಒಂದನ್ನು ಬಳಸಬಹುದು. ಸಿಂಹ, ದೆವ್ವ, ಡ್ರ್ಯಾಗನ್, ಬೆಂಕಿ, ಎದುರಿಗೆ ಸಿಕ್ಕ ಪ್ರಾಣಿಯನ್ನು ಮುಚ್ಚಿಕೊಂಡು ಹಬ್ಬುವ ಅಂಟು ಮುದ್ದೆ. ದೆವ್ವದ ಜಾತಿಯದ್ದನ್ನು ಇನ್ನೊಂದು ದೆವ್ವವೋ ಮಂತ್ರದ ಆಯುಧವೋ ಮಾತ್ರ ಮುಟ್ಟಬಹುದು.

ಆಟದ ಜೀವ ಇರೋದು ಇದರಲ್ಲಿ. ಪ್ರಾಣಿಯನ್ನು ಕರೆಯುವಾಗ ಯಂತ್ರ ಕೇಳುತ್ತದೆ: ನಿಜದ್ದೋ, ಮಾಯೆಯೋ? ನಿಜದ್ದು ಅಂದರೆ ಮಂತ್ರ ಫಲಿಸಬಹುದು, ಫಲಿಸದೇ ಇರಬಹುದು. ದೊಡ್ಡ ಪ್ರಾಣಿಯಾದಷ್ಟೂ ಕಷ್ಟ. ಮಾಯೆ ಅಂದರೆ ಖಂಡಿತ ಬರುತ್ತದೆ. ನಿಜದ್ದರ ಹಾಗೇ ಕಚ್ಚುತ್ತದೆ, ಕೊಲ್ಲುತ್ತದೆ. ಆದರೆ ಯಾರಾದರೂ 'ನಂಬಲ್ಲ' ಅನ್ನುವ ಮಂತ್ರ ಹಾಕಿದರೆ ಆ ಕ್ಷಣವೇ ಮಾಯ. ಆ ಮಂತ್ರ ಎಲ್ಲರ ಕೈಯಲ್ಲೂ ಯಾವಾಗಲೂ ಇರುತ್ತದೆ. ಪ್ರಾಣಿ ನಿಜದ್ದಾಗಿದ್ದರೆ ಮಾತ್ರ ನಿಮ್ಮ ಆ ಸರದಿ ದಂಡ.

ನಾವು ಆಡುತ್ತಿದ್ದದ್ದು ಮೂವರು. ನಾನು, ತಮ್ಮ, ಅತ್ತೆ ಮಗಳು. ಒಬ್ಬರು ಮಂತ್ರ ಆರಿಸುವಾಗ ಉಳಿದವರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಬೇಕು. ಕಾವಲಿಗೆ ಅತ್ತೆ. ಅತ್ತೆ ಮಗಳು ಒಮ್ಮೆ ಬೇಕಂತಲೇ ಎರಡು ಮಾಯಾ ಸಿಂಹ ಬಿಟ್ಟಳು. ಎರಡನ್ನೂ ತಮ್ಮ 'ನಂಬಲ್ಲ' ಅಂದ. ಎರಡೂ ಹೋದವು. ಮೂರನೇ ಸಲ ಬಂಗಾರದ ಡ್ರ್ಯಾಗನ್ ಬಂತು. ನಾವಿಬ್ಬರೂ ಒಟ್ಟಿಗೆ 'ನಂಬಲ್ಲ' ಅಂದೆವು. ಡ್ರ್ಯಾಗನ್ ಅಲ್ಲೇ ನಿಂತಿತ್ತು. ಅವಳ ಮುಖ ಇನ್ನೂ ಕಣ್ಣ ಮುಂದಿದೆ.

ಇದ್ದದ್ದು 48 ಕೆಬಿ. ಅದರಲ್ಲಿ ಸುಮಾರು 7 ಕೆಬಿ ಪರದೆಗೇ ಹೋಗುತ್ತಿತ್ತು. ಪ್ರಾಣಿಗಳೆಲ್ಲ ಬೆರಳುಗುರಿನಷ್ಟು. ಹಾಗಾಗಿ ಆಟದ ಅರ್ಧ ಯಂತ್ರದ ಹೊರಗೆ, ನಮ್ಮ ಮೂವರ ನಡುವೆ ನಡೆಯುತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತೆ. ನೀವು ಏನು ಆಡಿದಿರಿ, ಯಾರ ಜೊತೆ ಆಡಿದಿರಿ, ಹೇಳಿ.

#2 ಹಸಿರು ಪರದೆ, ಶಿವಮೊಗ್ಗ

ಓದಿ ಮೈ ಜುಮ್ಮೆಂದಿತು ಸರ್. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಶಾಲೆಯಲ್ಲಿತ್ತು. 1984ರ ಹೊತ್ತಿಗೆ ಕೇಂದ್ರ ಸರ್ಕಾರ 'ಕ್ಲಾಸ್' ಅಂತ ಯೋಜನೆ ತಂದು, ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕೊಟ್ಟಿತ್ತು. ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಯಂತ್ರ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಹೋಗಬೇಕು. ಒಂದು ಯಂತ್ರಕ್ಕೆ ಆರು ಹುಡುಗರು.

ಆಟಕ್ಕೆ ಅನುಮತಿ ಇರಲಿಲ್ಲ. ಆದರೆ ಗಣಿತದ ಮೇಡಂ ಒಂದು ದಾರಿ ಹುಡುಕಿದರು. ಬೇಸಿಕ್ ಅನ್ನೋ ಪ್ರೋಗ್ರಾಂ ಭಾಷೆಯಲ್ಲಿ ಫಿರಂಗಿ ಆಟ ನಾವೇ ಬರೆಯಬೇಕು. ಎರಡು ಗುಡ್ಡ, ನಡುವೆ ಒಂದು ಬೆಟ್ಟ. ಕೋನ ಹೇಳು, ವೇಗ ಹೇಳು, ಗುಂಡು ಹಾರುತ್ತದೆ. ಪ್ಯಾರಾಬೋಲ ಅಂದರೇನು ಅಂತ ನಮ್ಮ ತರಗತಿಯಲ್ಲಿ ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಆಮೇಲೆ ಗಾಳಿ ಸೇರಿಸಿದೆವು. ಗಾಳಿ ಸೇರಿದ ದಿನ ಮೇಡಂ ಕೂಡ ಕೂತು ಆಡಿದರು.

ಎಲೀಟ್ ಅನ್ನೋ ಆಟದ ಬಗ್ಗೆ ಬರೆಯಲೇಬೇಕು. ರಾತ್ರಿ ಬರೆಯುತ್ತೇನೆ.

#3 ಟರ್ಬೋ ಬಟನ್, ಹುಬ್ಬಳ್ಳಿ

ನಾನು ನಿಮ್ಮೆಲ್ಲರಿಗಿಂತ ಚಿಕ್ಕವನು. ನಂದು 1993ರ ಕಂಪ್ಯೂಟರ್ ಕ್ಲಾಸು, ಪಿಸಿ-ಎಕ್ಸ್‌ಟಿ, ಹಳದಿ ಅಕ್ಷರದ ಮಾನಿಟರ್. ಒಳಗೆ ಹರ್ಕ್ಯುಲಿಸ್ ಅನ್ನೋ ಒಂದೇ ಬಣ್ಣದ ಗ್ರಾಫಿಕ್ಸ್ ಕಾರ್ಡ್ ಇದ್ದದ್ದರಿಂದ ಮೊದಲು ಸಿಮ್‌ಸಿಜಿಎ ಅನ್ನೋ ಪ್ರೋಗ್ರಾಂ ಓಡಿಸಬೇಕಿತ್ತು, ಇಲ್ಲದಿದ್ದರೆ ಆಟ ಬರುತ್ತಿರಲಿಲ್ಲ. ಲೋಟಸ್ ಅನ್ನೋ ಲೆಕ್ಕದ ಪ್ರೋಗ್ರಾಂ ಕಲಿಯಬೇಕಾದ ಹೊತ್ತಿನಲ್ಲಿ ಪ್ಯಾರಾಟ್ರೂಪರ್. 1982ರ ಆಟ ಅದು. ಕೆಳಗೆ ಒಂದು ತೋಪು, ಮೇಲೆ ಹೆಲಿಕಾಪ್ಟರ್, ಅದರಿಂದ ಇಳಿಯುವ ಸೈನಿಕರು. ಒಂದೇ ಪಕ್ಕದಲ್ಲಿ ನಾಲ್ಕು ಜನ ಇಳಿದರೆ ಒಬ್ಬರ ಮೇಲೊಬ್ಬರು ಹತ್ತಿ ಬಂದು ತೋಪು ಉಡಾಯಿಸುತ್ತಾರೆ. ಪ್ರತಿ ಗುಂಡಿಗೂ ಒಂದು ಅಂಕ ಕಟ್. ಅದಕ್ಕೇ ಸುಮ್ನೆ ಡಬಡಬ ಹೊಡೆಯೋ ಹಾಗಿರಲಿಲ್ಲ. ಅದನ್ನು ಬರೆದ ಗ್ರೆಗ್ ಕೂಪರ್‌ಬರ್ಗ್ ಮುಂದೆ ಗಣಿತದ ಪ್ರೊಫೆಸರ್ ಆದರಂತೆ.

#4 ಗ್ರಾಫ್ ಹಾಳೆ, ಬೆಂಗಳೂರು

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿದ್ದದ್ದು ಡಿಬಿ ಸ್ಪೆಕ್ಟ್ರಮ್ ಪ್ಲಸ್. ಡೆಸಿಬೆಲ್ಸ್ ಅನ್ನೋ ಕಂಪನಿ ನಮ್ಮ ದೇಶದಲ್ಲೇ ಮಾರುತ್ತಿತ್ತು, ನೆನಪಿದೆಯಾ? ಅಣ್ಣನ ಇಂಜಿನಿಯರಿಂಗ್ ಓದಿಗೆ ಅಂತ ಅಪ್ಪ ತಂದರು. ಹಾಗಾಗಿ ಕೀಬೋರ್ಡ್ ಅಣ್ಣನದು. ನನ್ನ ಪಾಲಿಗೆ ಬಂದದ್ದು ಪೆನ್ಸಿಲ್ಲು.

ಆಟ ಲಾರ್ಡ್ಸ್ ಆಫ್ ಮಿಡ್‌ನೈಟ್. 1984. ಮೈಕ್ ಸಿಂಗಲ್‌ಟನ್ ಬರೆದದ್ದು. ಅವರು ಮೊದಲು ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಹಿಮದ ನಾಡು. ಉತ್ತರದಲ್ಲಿ ಡೂಮ್‌ಡಾರ್ಕ್ ಅನ್ನುವ ದುಷ್ಟ, ದಕ್ಷಿಣದಲ್ಲಿ ನಾವು. ಶುರುವಿನಲ್ಲಿ ನಮ್ಮ ಕಡೆ ನಾಲ್ಕೇ ಜನ: ಲಕ್ಸರ್, ಅವನ ಮಗ ಮಾರ್ಕಿನ್, ಕಾರ್ಲೆತ್, ರೋರ್ಥ್ರನ್. ಊರೂರು ಸುತ್ತಿ, ಒಬ್ಬೊಬ್ಬ ಪಾಳೇಗಾರನನ್ನೂ ಕಂಡು, ನಮ್ಮ ಕಡೆಗೆ ಸೇರಿಸಿಕೊಂಡು ಸೈನ್ಯ ಕಟ್ಟಬೇಕು.

ಸುಮಾರು 4,000 ಜಾಗ. ಒಂದೊಂದು ಜಾಗದಲ್ಲಿ ನಿಂತು ಎಂಟು ದಿಕ್ಕಿಗೆ ನೋಡಬಹುದು. ಅಂದರೆ 32,000 ನೋಟ! ಅಷ್ಟು ಚಿತ್ರ 48 ಕೆಬಿಯಲ್ಲಿ ಇಡೋಕೆ ಆಗಲ್ಲ ಅಲ್ವಾ. ಬೆಟ್ಟ, ಕಾಡು, ಕೋಟೆ, ಗೋಪುರ, ಇಂಥವು ಕೆಲವೇ ಚಿತ್ರ ಇಟ್ಟುಕೊಂಡು, ದೂರಕ್ಕೆ ತಕ್ಕ ಹಾಗೆ ಚಿಕ್ಕದು ದೊಡ್ಡದು ಮಾಡಿ ಆ ಕ್ಷಣಕ್ಕೆ ಬರೆದು ತೋರಿಸುತ್ತಿದ್ದರು. ದೂರದಲ್ಲಿ ಚುಕ್ಕಿಯ ಹಾಗೆ ಕಂಡ ಗೋಪುರಕ್ಕೆ ಮೂರು ದಿನ ನಡೆದು ಹೋದರೆ ಅದು ನಿಜವಾಗಲೂ ಅಲ್ಲಿರುತ್ತಿತ್ತು. ನನಗೆ ಅದಕ್ಕಿಂತ ದೊಡ್ಡ ಮಂತ್ರ ಬೇರೆ ಇರಲಿಲ್ಲ.

ಗ್ರಾಫ್ ಹಾಳೆಗಳನ್ನು ಗಂಜಿಯಲ್ಲಿ ಅಂಟಿಸಿ ಒಂದು ಜಮಖಾನದಷ್ಟು ದೊಡ್ಡ ನಕ್ಷೆ ಮಾಡಿದೆ. ಬೆಟ್ಟಕ್ಕೆ ಕಂದು, ಕಾಡಿಗೆ ಹಸಿರು, ಕೋಟೆಗೆ ಕೆಂಪು. ಅಣ್ಣ ದಂಡು ಕಟ್ಟಿಕೊಂಡು ಯುದ್ಧ ಮಾಡುತ್ತಿದ್ದ, ಸೋಲುತ್ತಿದ್ದ. ಅವನು ಕಾಲೇಜಿಗೆ ಹೋದ ಮೇಲೆ ನಾನು ಕೂರುತ್ತಿದ್ದೆ. ಆ ಆಟ ಗೆಲ್ಲೋಕೆ ಎರಡು ದಾರಿ. ದಂಡೆತ್ತಿ ಹೋಗಿ ಉಷ್‌ಗರಾಕ್ ಕೋಟೆ ಹಿಡಿಯಬಹುದು. ಇಲ್ಲವೇ ಮಾರ್ಕಿನ್ ಒಬ್ಬನೇ ಕದ್ದು ಹೋಗಿ ಹಿಮದ ಕಿರೀಟ ತಂದು ನಾಶ ಮಾಡಬಹುದು. ಕಿರೀಟವನ್ನು ಯಾರು ಒಡೆಯಬಲ್ಲರು ಅನ್ನೋದನ್ನೂ ಹುಡುಕಬೇಕು. ನಾನು ಮಾರ್ಕಿನ್‌ನನ್ನು ಫಾರ್‌ಫ್ಲೇಮ್ ಅನ್ನುವ ಡ್ರ್ಯಾಗನ್ ಹತ್ತಿರ ಕರೆದುಕೊಂಡು ಹೋದೆ. ಅಣ್ಣ ಸಂಜೆ ಬಂದಾಗ ಗೆದ್ದ ಪರದೆ ಹಾಗೇ ಬಿಟ್ಟಿದ್ದೆ.

ನಕ್ಷೆ ಇನ್ನೂ ನನ್ನ ಹತ್ತಿರ ಇದೆ. ಮಡಿಕೆಗಳಲ್ಲಿ ಹರಿದಿದೆ.

#5 ರಬ್ಬರ್ ಕೀಲಿ, ಮೈಸೂರು

ಅಕ್ಕ, ನಕ್ಷೆಯ ಫೋಟೋ ಹಾಕಿ ದಯವಿಟ್ಟು. ನಾವು ಆ ಆಟದಲ್ಲಿ ನಕ್ಷೆ ಇಲ್ಲದೆ ಅಲೆದು ಬಿಟ್ಟುಬಿಟ್ಟೆವು. ಮಾರ್ಕಿನ್ ತೋಳಗಳ ಬಾಯಿಗೆ ಹೋದದ್ದೇ ನೆನಪು.

#6 ಕುವೈತ್ ಡಬ್ಬ, ಕುಂದಾಪುರ

ನಮ್ಮ ಕಡೆ ಇಂಗ್ಲೆಂಡ್ ಅಲ್ಲ, ಕೊಲ್ಲಿ ದೇಶ. ಮಾವ ಕುವೈತಿನಿಂದ ಬರುವಾಗ ಟೇಪ್ ರೆಕಾರ್ಡರ್, ಟೈಗರ್ ಬಾಮ್ ಜೊತೆ ಒಂದು ಸಖರ್ ಕಂಪ್ಯೂಟರ್ ತಂದಿದ್ದರು. ಎಮ್‌ಎಸ್‌ಎಕ್ಸ್ ಅನ್ನೋ ಜಾತಿಯ ಯಂತ್ರ. ಕೀಲಿಗಳ ಮೇಲೆ ಅರಬ್ಬಿ ಅಕ್ಷರ. ಸ್ಪೆಕ್ಟ್ರಮ್‌ನ ಹಾಗೆ ಕ್ಯಾಸೆಟ್ಟಿನಿಂದ ಆಟ ತುಂಬುವ ತನಕ ಕಾಯಬೇಕಿರಲಿಲ್ಲ, ಕಾರ್ಟ್ರಿಜ್ ತೂರಿಸಿದರೆ ಆಟ ರೆಡಿ.

ನಂದು ಕೊನಾಮಿಯ ಯೀ ಅರ್ ಕುಂಗ್-ಫು. ಲೀ ಅನ್ನುವವನು ನಾವು. ಎದುರಿಗೆ ಒಬ್ಬರಾದ ಮೇಲೆ ಒಬ್ಬರು. ವಾಂಗ್ ಕೈಯಲ್ಲಿ ಉದ್ದ ದೊಣ್ಣೆ. ನನ್ನ ಕಾಲು ಎಟುಕುವ ಮುಂಚೆ ಅವನ ದೊಣ್ಣೆ ಎಟುಕುತ್ತಿತ್ತು. ಮೊದಲ ವಾರ ಎಲ್ಲ ಅಲ್ಲೇ ಸೋತೆ.

ನಮ್ಮ ಅಜ್ಜ ಮೇಳದಲ್ಲಿ ವೇಷ ಮಾಡುತ್ತಿದ್ದವರು. ಹಿಂದೆ ನಿಂತು ನೋಡಿ ಒಂದು ಮಾತು ಹೇಳಿದರು. "ಯುದ್ಧದ ಪದ ಬಂದ ಕೂಡಲೇ ಯಾರೂ ಹೊಡೆಯುವುದಿಲ್ಲ ಮಾರಾಯ. ಮೊದಲು ರಂಗಸ್ಥಳ ಅಳೆಯಬೇಕು." ಅವತ್ತು ಹೊಡೆಯೋದು ಬಿಟ್ಟು ಬರೀ ಹಿಂದೆ ಮುಂದೆ ಹೆಜ್ಜೆ ಹಾಕಿದೆ. ದೊಣ್ಣೆಯ ತುದಿ ಎಲ್ಲಿಯ ತನಕ ಬರುತ್ತದೆ ಅಂತ ಗೊತ್ತಾಯಿತು. ತುದಿ ಹಿಂದೆ ಹೋದ ಕ್ಷಣ ಹಾರಿ ಒದ್ದೆ. ಆ ಕಾಲದ ಕಾಳಗದ ಆಟಗಳಲ್ಲಿ ಎಲ್ಲ ಇದ್ದದ್ದು ಅಂತರದಲ್ಲೇ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

#7 ಟರ್ಬೋ ಬಟನ್, ಹುಬ್ಬಳ್ಳಿ

ಅಂತರ ಅಂದಿರಲ್ಲ, ಕರಾಟೆಕಾ ನೆನಪಾಯಿತು. ಜೋರ್ಡನ್ ಮೆಕ್ನರ್ ಕಾಲೇಜಿನಲ್ಲಿ ಓದುತ್ತಿರುವಾಗಲೇ ಆಪಲ್-2 ಕಂಪ್ಯೂಟರಿಗೆ ಬರೆದದ್ದು, 1984. ನಾನು ಆಡಿದ್ದು ಪಿಸಿಯಲ್ಲಿ. ಕೋಟೆಯ ಕಾವಲುಗಾರರನ್ನೆಲ್ಲ ಸೋಲಿಸಿ ಕೊನೆಗೆ ರಾಜಕುಮಾರಿಯ ಕೋಣೆಗೆ ಹೋದೆ. ಕೈ ಮುಷ್ಟಿ ಮಾಡಿ ನಿಂತಿದ್ದ ಭಂಗಿಯಲ್ಲೇ ಹತ್ತಿರ ಹೋದೆ. ಒಂದೇ ಒದೆ, ನಾನು ಸತ್ತೆ! ಯುದ್ಧದ ಭಂಗಿ ಬಿಟ್ಟು ಓಡಿ ಹೋಗಬೇಕಿತ್ತಂತೆ. ಎರಡು ದಿನ ಊಟ ಸೇರಲಿಲ್ಲ.

ಅವರದೇ ಪ್ರಿನ್ಸ್ ಆಫ್ ಪರ್ಶಿಯಾ, 1989. ಅದನ್ನಂತೂ ನಮ್ಮ ದೇಶದಲ್ಲಿ ಕಂಪ್ಯೂಟರ್ ಮುಟ್ಟಿದವರೆಲ್ಲ ಆಡಿದ್ದಾರೆ. ಕನ್ನಡಿಯಿಂದ ಹೊರಗೆ ಹಾರುವ ನೆರಳಿನ ಮನುಷ್ಯ ನೆನಪಿದ್ದಾನಲ್ಲ. ಆಪಲ್‌ನಲ್ಲಿ ಇನ್ನೊಂದು ಪಾತ್ರದ ಚಿತ್ರ ಇಡೋಕೆ ಜಾಗವೇ ಉಳಿದಿರಲಿಲ್ಲ. ರಾಜಕುಮಾರನ ಚಿತ್ರವನ್ನೇ ಅದರ ಮೇಲೇ ಸ್ವಲ್ಪ ಸರಿಸಿ ಬರೆದಾಗ ಒಂದು ಮಿನುಗುವ ನೆರಳು ಬಂತು. ಅದೇ ಅವನು. ಕೊನೆಗೆ ಅವನ ಜೊತೆ ಹೊಡೆದಾಡಿದರೆ ಇಬ್ಬರೂ ಸಾಯುತ್ತೇವೆ. ಕತ್ತಿ ಒಳಗೆ ಇಟ್ಟರೆ ಮಾತ್ರ ದಾರಿ.

#8 ನಾಲ್ಕು ಜಾಯ್‌ಸ್ಟಿಕ್, ನ್ಯೂಜೆರ್ಸಿ

1984ರಲ್ಲಿ ಎಮ್ಮೆಸ್ ಮಾಡೋಕೆ ಇಲ್ಲಿಗೆ ಬಂದವನು ನಾನು. ದಾವಣಗೆರೆಯ ಹುಡುಗ, ಕಂಪ್ಯೂಟರ್ ಅಂದರೆ ಪಂಚ್ ಕಾರ್ಡ್ ಅಂತ ತಿಳಿದಿದ್ದೆ. ರೂಮಿನಲ್ಲಿ ನಾಲ್ವರು, ಒಬ್ಬನ ಹತ್ತಿರ ಅಟಾರಿ 800. ಅದಕ್ಕೆ ನಾಲ್ಕು ಜಾಯ್‌ಸ್ಟಿಕ್ ಸಿಕ್ಕಿಸಬಹುದು. ಆಡಿದ್ದು ಮ್ಯೂಲ್, 1983ರ ಆಟ. ಡ್ಯಾನಿ ಬಂಟನ್ ಅವರದು.

ಅದರಲ್ಲಿ ಒಂದು ಗುಂಡೂ ಹಾರುವುದಿಲ್ಲ. ಆದರೂ ನಾನು ಕಂಡ ಅತ್ಯಂತ ಬಿರುಸಿನ ಯುದ್ಧ ಅದು. ಹೊಸ ಗ್ರಹದಲ್ಲಿ ನಾಲ್ವರು ಜಮೀನು ಹಿಡಿಯುತ್ತಾರೆ, ಬೆಳೆ ತೆಗೆಯುತ್ತಾರೆ, ಅದಿರು ಅಗೆಯುತ್ತಾರೆ. ಆಮೇಲೆ ಹರಾಜು. ಕೊಳ್ಳುವವನು ಕೆಳಗಿಂದ ಮೇಲೆ ನಡೆದರೆ ಬೆಲೆ ಏರಿಸಿದ ಹಾಗೆ, ಮಾರುವವನು ಮೇಲಿಂದ ಕೆಳಗೆ ಬಂದರೆ ಇಳಿಸಿದ ಹಾಗೆ. ಇಬ್ಬರೂ ಎದುರಾದಲ್ಲಿ ವ್ಯಾಪಾರ. ನಮ್ಮೂರ ಮಂಡಿಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದದ್ದನ್ನು ನೋಡಿ ಬೆಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕೊನೆಯಲ್ಲಿರುವವನಿಗೆ ಆಟ ಸ್ವಲ್ಪ ಕೈ ಹಿಡಿಯುತ್ತದೆ. ಕೆಟ್ಟ ಘಟನೆ ಅವನಿಗೆ ಬರುವುದಿಲ್ಲ. ಇನ್ನೊಂದು ಮಾತು, ಗೆದ್ದವನು ಒಬ್ಬನೇ ಆದರೂ ಇಡೀ ಊರಿನ ಗಳಿಕೆಯನ್ನೂ ಲೆಕ್ಕ ಹಾಕುತ್ತದೆ. ಎಲ್ಲರನ್ನೂ ಹಸಿವಿಗೆ ಕೆಡವಿ ಗೆದ್ದರೆ ಊರೇ ಸೋಲುತ್ತದೆ. ಆಹಾರ ಬಚ್ಚಿಟ್ಟುಕೊಂಡಿದ್ದಕ್ಕೆ ನನ್ನ ರೂಮಿನ ತಮಿಳು ಗೆಳೆಯ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಈಗಲೂ ಫೋನ್ ಮಾಡಿದಾಗ ಅದೇ ವಿಷಯ ಎತ್ತುತ್ತಾನೆ.

#9 ಹಸಿರು ಪರದೆ, ಶಿವಮೊಗ್ಗ

ಮಾತು ಕೊಟ್ಟ ಹಾಗೆ ಎಲೀಟ್. ಓದೋಕೆ ಅಂತ 1989ರಲ್ಲಿ ಲೀಡ್ಸ್‌ಗೆ ಹೋದೆ. ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಶಾಲೆಯಲ್ಲಿದ್ದ ಅದೇ ಬಿಬಿಸಿ ಮೈಕ್ರೊ ಕಂಡಿತು. ಕೆಂಪು ಕೀಲಿಗಳ ಸಾಲು ನೋಡಿದ ಕೂಡಲೇ ಊರು ನೆನಪಾಗಿ ಗಂಟಲು ಕಟ್ಟಿತು. ಆ ತಿಂಗಳ ಖರ್ಚಿನ ದುಡ್ಡು ಕೊಟ್ಟು ತಂದೆ. ಜೊತೆಗೆ ಎಲೀಟ್ ಸಿಕ್ಕಿತು.

1984ರಲ್ಲಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು ಬರೆದದ್ದು, ಡೇವಿಡ್ ಬ್ರಾಬೆನ್ ಮತ್ತು ಇಯನ್ ಬೆಲ್. ನಿಮ್ಮ ಕೈಯಲ್ಲಿ ಒಂದು ಹಡಗು, 100 ಕ್ರೆಡಿಟ್ ದುಡ್ಡು. ಲೇವ್ ಅನ್ನುವ ಗ್ರಹದಿಂದ ಶುರು. ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಬೇಸಾಯದ ಗ್ರಹದಿಂದ ಧಾನ್ಯ ಒಯ್ದು ಕೈಗಾರಿಕೆಯ ಗ್ರಹದಲ್ಲಿ ಮಾರಬಹುದು, ಅಲ್ಲಿಂದ ಕಂಪ್ಯೂಟರ್ ತರಬಹುದು. ದರೋಡೆಕೋರರು ಅಡ್ಡ ಬರುತ್ತಾರೆ, ಹೊಡೆದಾಡಬೇಕು. ನೀವೇ ದರೋಡೆಕೋರರೂ ಆಗಬಹುದು.

ಎಂಟು ಗೆಲಾಕ್ಸಿ, ಒಂದೊಂದರಲ್ಲಿ 256 ಗ್ರಹ. ಒಟ್ಟು 2,048. ಹೆಸರು, ದೂರ, ಜನರು, ಬೆಲೆ, ಎಲ್ಲ ಬೇರೆ ಬೇರೆ. ಯಂತ್ರದಲ್ಲಿದ್ದದ್ದು 32 ಕೆಬಿ. ಅದೆಲ್ಲ ಬರೆದಿಟ್ಟಿದ್ದಲ್ಲ. ಮೂರು ಸಂಖ್ಯೆಗಳಿಂದ ಶುರು ಮಾಡಿ, ಕೂಡಿಸುತ್ತಾ ಹೋಗಿ, ಒಂದಾದ ಮೇಲೊಂದು ಗ್ರಹ ಲೆಕ್ಕದಿಂದಲೇ ಹುಟ್ಟುತ್ತದೆ. ಮತ್ತೆ ಅದೇ ಸಂಖ್ಯೆ ಕೊಟ್ಟರೆ ಮತ್ತೆ ಅದೇ ಗ್ರಹ. ಪಂಚಾಂಗ ಗುಣಿಸುವವರು ಸೂತ್ರ ಒಂದನ್ನು ಇಟ್ಟುಕೊಂಡು ನೂರು ವರ್ಷದ ಗ್ರಹಣ ಹೇಳುವ ಹಾಗೆ.

ಪರದೆಯಲ್ಲೂ ಒಂದು ಚಮತ್ಕಾರ. ಬಿಬಿಸಿಯಲ್ಲಿ ಮೆಮೊರಿ ಉಳಿಸಬೇಕೆಂದರೆ, ಗೆರೆ ಸಣ್ಣಗೆ ಬೇಕಾದರೆ ಎರಡೇ ಬಣ್ಣ, ನಾಲ್ಕು ಬಣ್ಣ ಬೇಕಾದರೆ ಗೆರೆ ದಪ್ಪ. ಅವರು ಚಿತ್ರ ಮುಕ್ಕಾಲು ಮೂಡಿದ ಹೊತ್ತಿಗೆ ಪರದೆಯ ಮೋಡ್ ಬದಲಿಸುತ್ತಿದ್ದರು. ಮೇಲೆ ಸಣ್ಣ ಗೆರೆಯ ಯುದ್ಧ, ಕೆಳಗೆ ಬಣ್ಣದ ಮೀಟರ್‌ಗಳು. ಪ್ರತಿ ಸಲ ಪರದೆ ಮೂಡುವಾಗಲೂ ಇದೇ ಕೆಲಸ. ಶಾಲೆಯಲ್ಲಿ ಅದೇ ಯಂತ್ರದ ಮುಂದೆ ಎರಡು ವರ್ಷ ಕೂತಿದ್ದೆ. ಅದರೊಳಗೆ ಇಷ್ಟೊಂದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ನಿಲ್ದಾಣಕ್ಕೆ ಹಡಗು ಸೇರಿಸೋದು ಮಾತ್ರ ಯುದ್ಧಕ್ಕಿಂತ ಕಷ್ಟ. ನಿಲ್ದಾಣ ತಿರುಗುತ್ತಾ ಇರುತ್ತದೆ. ಬುಗುರಿಯ ಹಾಗೆ ತಿರುಗುವ ಅಂಚೆ ಡಬ್ಬಕ್ಕೆ ಕಾಗದ ತೂರಿಸಿದ ಹಾಗೆ. ಹತ್ತು ದರೋಡೆಕೋರರನ್ನು ಹೊಡೆದು, ಸರಕು ತುಂಬಿಸಿಕೊಂಡು ಬಂದು, ಬಾಗಿಲಿಗೆ ಬಡಿದು ಸತ್ತಿದ್ದೇನೆ. ಪದವಿ 'ಹಾರ್ಮ್‌ಲೆಸ್'ನಿಂದ ಶುರುವಾಗಿ 'ಎಲೀಟ್' ತನಕ. ನಾನು 'ಡೆಡ್ಲಿ' ತಲುಪಿದೆ. ಅಷ್ಟರಲ್ಲಿ ಥೀಸಿಸ್ ಮುಗಿಸಿ ಊರಿಗೆ ಬರಬೇಕಾಯಿತು. ಯಂತ್ರವನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟು ಬಂದೆ.

#10 ಟರ್ಬೋ ಬಟನ್, ಹುಬ್ಬಳ್ಳಿ

ಎಲ್ಲ ಓದಿ ಖುಷಿಯಾಯಿತು. ಆದರೆ ಒಂದು ಮಾತು ಹೇಳಲೇ? ನಿನ್ನೆ ಎಮ್ಯುಲೇಟರ್ (ಹಳೇ ಯಂತ್ರದ ಹಾಗೇ ನಡೆಯುವ ಪ್ರೋಗ್ರಾಂ) ಹಾಕಿಕೊಂಡು ಇವನ್ನೆಲ್ಲ ಆಡಿ ನೋಡಿದೆ. ಹತ್ತು ನಿಮಿಷ ಕೂರೋಕಾಗಲಿಲ್ಲ. ಯಾವ ಕೀಲಿ ಏನು ಮಾಡುತ್ತದೆ ಅಂತ ಹೇಳುವವರಿಲ್ಲ. ಒಂದು ತಪ್ಪಿಗೆ ಮೊದಲಿಂದ ಶುರು. ಇವತ್ತಿನ ಆಟ ಕಲಿಸಿ ಆಡಿಸುತ್ತದೆ, ಅವತ್ತಿನದು ಸಾಯಿಸಿ ಕಲಿಸುತ್ತಿತ್ತು. ನಮಗೆ ಆಗ ಟೈಮ್ ಜಾಸ್ತಿ ಇತ್ತು, ಬೇರೆ ಏನೂ ಇರಲಿಲ್ಲ, ಅದಕ್ಕೇ ಸಹಿಸಿಕೊಂಡೆವು. ಮೆಮೊರಿ ಕಮ್ಮಿ ಇದ್ದದ್ದಕ್ಕೇ ಆಟ ಚೆನ್ನಾಗಿತ್ತು ಅನ್ನೋದನ್ನು ನಾನು ಒಪ್ಪಲ್ಲ. ನನಗೆ ಪ್ರಾಣ ಅಂದರೆ ಯುಎಫ್‌ಓ: ಎನಿಮಿ ಅನ್‌ನೋನ್, 1994ರದು, ಅನ್ಯಗ್ರಹದವರ ಜೊತೆ ಸರದಿಯಲ್ಲಿ ಯುದ್ಧ ಮಾಡುವ ಆಟ. ಅಣ್ಣನ 486 ಕಂಪ್ಯೂಟರಿನಲ್ಲಿ ರಾತ್ರಿಯಿಡೀ ಆಡುತ್ತಿದ್ದೆ. ಅದರ ಮುಂದೆ ಇವೆಲ್ಲ ಏನು?

#11 ರಬ್ಬರ್ ಕೀಲಿ, ಮೈಸೂರು

ಗುರು, ಯುಎಫ್‌ಓ ಮಾಡಿದ್ದು ಯಾರು ಗೊತ್ತಾ? ಅದೇ ಜೂಲಿಯನ್ ಗೊಲ್ಲಪ್, ತಮ್ಮ ನಿಕ್ ಜೊತೆ. ಕೇಯಾಸ್ ಆದ ಮೇಲೆ 1986ರಲ್ಲಿ ರೆಬೆಲ್‌ಸ್ಟಾರ್, 1988ರಲ್ಲಿ ಲೇಸರ್ ಸ್ಕ್ವಾಡ್, ಎರಡೂ ಸ್ಪೆಕ್ಟ್ರಮ್‌ನಲ್ಲೇ. ಒಬ್ಬೊಬ್ಬ ಸೈನಿಕನಿಗೂ ಒಂದಿಷ್ಟು ಅಂಕ. ನಡೆದರೆ ಖರ್ಚು, ತಿರುಗಿದರೆ ಖರ್ಚು, ಗುಂಡು ಹೊಡೆದರೆ ಖರ್ಚು. ಸ್ವಲ್ಪ ಉಳಿಸಿಕೊಂಡರೆ ಶತ್ರುವಿನ ಸರದಿಯಲ್ಲಿ ಅವನು ಬಾಗಿಲಿಗೆ ಬಂದ ಕ್ಷಣ ಹೊಡೆಯಬಹುದು. ಯುಎಫ್‌ಓದಲ್ಲಿ ನಿಮ್ಮನ್ನು ರಾತ್ರಿ ನಿದ್ದೆಗೆಡಿಸಿದ್ದು ಅದೇ ಅಲ್ವಾ?

#12 ಟರ್ಬೋ ಬಟನ್, ಹುಬ್ಬಳ್ಳಿ

ಹೌದಾ! ಇದು ನಿಜವಾಗಲೂ ಗೊತ್ತಿರಲಿಲ್ಲ. ಕತ್ತಲಲ್ಲಿ ಬಾಗಿಲು ತೆಗೆಯುವ ಮುಂಚೆ ಅಂಕ ಉಳಿದಿದೆಯಾ ಅಂತ ಎಣಿಸುತ್ತಿದ್ದದ್ದು... ಹೌದು, ಅದೇ. ಲೇಸರ್ ಸ್ಕ್ವಾಡ್ ಇವತ್ತೇ ಹುಡುಕುತ್ತೇನೆ.

#13 ಗ್ರಾಫ್ ಹಾಳೆ, ಬೆಂಗಳೂರು

ಟರ್ಬೋ ಅವರೇ, 'ನಮಗೆ ಆಗ ಟೈಮ್ ಜಾಸ್ತಿ ಇತ್ತು' ಅಂದಿರಿ. ನನಗಿರಲಿಲ್ಲ. ಬೆಳಗ್ಗೆ ನೀರು ಹಿಡಿಯೋದು, ಕಾಲೇಜು, ಬಂದ ಮೇಲೆ ಅಡುಗೆಗೆ ಕೈಜೋಡಿಸೋದು. ಕೀಬೋರ್ಡ್ ಮುಂದೆ ಕೂರೋಕೆ ಸಿಗುತ್ತಿದ್ದದ್ದು ದಿನಕ್ಕೆ ಅರ್ಧ ಗಂಟೆ. ಆ ಆಟ ನನಗೆ ಸಿಕ್ಕಿದ್ದೇ ಅದು ಕಾಯುತ್ತಿತ್ತು ಅನ್ನೋ ಕಾರಣಕ್ಕೆ. ಎಲ್ಲರನ್ನೂ ನಡೆಸಿ ಮುಗಿದು, 'ರಾತ್ರಿ' ಕೀಲಿ ಒತ್ತುವ ತನಕ ಡೂಮ್‌ಡಾರ್ಕ್ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಕ್ಯಾಸೆಟ್ಟಿಗೆ ಸೇವ್ ಮಾಡಿ ಎದ್ದು ಹೋಗುತ್ತಿದ್ದೆ. ಚಪಾತಿ ಲಟ್ಟಿಸುವಾಗ ಕಾರ್ಲೆತ್‌ನನ್ನು ಪೂರ್ವಕ್ಕೆ ಕಳಿಸಲೋ ಪಶ್ಚಿಮಕ್ಕೋ ಅಂತ ಯೋಚನೆ. ಆಟದ ಹೆಚ್ಚು ಪಾಲು ನಾನು ಅಡುಗೆಮನೆಯಲ್ಲೇ ಆಡಿದ್ದೇನೆ.

ನನ್ನ ಮಗ ಆಡುವ ಆಟಗಳು ಚೆಂದ ಇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊಟಕ್ಕೆ ಕರೆದರೆ 'ಅಮ್ಮ, ನಿಲ್ಲಿಸೋಕಾಗಲ್ಲ' ಅಂತಾನೆ.

ಲಾರ್ಡ್ಸ್ ಆಫ್ ಮಿಡ್‌ನೈಟ್ 2012ರಲ್ಲಿ ಫೋನಿಗೂ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಸಿಂಗಲ್‌ಟನ್ ತೀರಿಕೊಂಡರು. ಸುದ್ದಿ ಓದಿದ ದಿನ ನಕ್ಷೆ ತೆಗೆದು ಹಾಸಿಗೆಯ ಮೇಲೆ ಹರಡಿ ಸುಮ್ಮನೆ ಕೂತಿದ್ದೆ.

#14 ಕುವೈತ್ ಡಬ್ಬ, ಕುಂದಾಪುರ

ರಬ್ಬರ್ ಕೀಲಿ ಅವರೇ, ಒಂದು ಮುಖ್ಯ ಮಾತು. ಆ ಸ್ಪೆಕ್ಟ್ರಮ್‌ಗೆ ಕೈಗೆ ಸಿಕ್ಕ ಅಡಾಪ್ಟರ್ ಹಾಕಬೇಡಿ! ಅದಕ್ಕೆ 9 ವೋಲ್ಟ್ ಬೇಕು, ಆದರೆ ಪಿನ್ನಿನ ನಡುವೆ ಮೈನಸ್. ಈಗಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ನಡುವೆ ಪ್ಲಸ್ ಇರುತ್ತದೆ. ತಪ್ಪಾದರೆ ಒಳಗೆ ಸುಡುತ್ತದೆ. ಹಳೇ ಕೆಪಾಸಿಟರ್‌ಗಳನ್ನು ಮೊದಲು ಬದಲಾಯಿಸಿ. ಕೀಲಿ ಕೆಲಸ ಮಾಡದಿದ್ದರೆ ರಬ್ಬರಿನ ಕೆಳಗಿನ ಹಾಳೆ ಒಣಗಿ ಮುರಿದಿರುತ್ತದೆ, ಹೊಸದು ಈಗಲೂ ಸಿಗುತ್ತದೆ.

ಕ್ಯಾಸೆಟ್‌ಗಳಿದ್ದರೆ ಮೊದಲು ಅವನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಟೇಪ್ ಹೆಡ್ ಪಕ್ಕದ ಸಣ್ಣ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುತ್ತಾ, ಸದ್ದು ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ.

#15 ರಬ್ಬರ್ ಕೀಲಿ, ಮೈಸೂರು

ತುಂಬಾ ಉಪಕಾರ. ಸ್ವಿಚ್ ಹಾಕುವ ಮುಂಚೆ ಓದಿದ್ದು ಒಳ್ಳೆಯದಾಯಿತು. ಹನ್ನೊಂದು ಕ್ಯಾಸೆಟ್ ಇವೆ. ಒಂದರ ಎರಡನೇ ಬದಿಯಲ್ಲಿ ಅಮ್ಮನ ಭಾವಗೀತೆ ಅರ್ಧ ಉಳಿದಿದೆ, ಮೇಲೆ ನಾವು ಆಟ ತುಂಬಿಸಿದ್ದೆವು. ಅವತ್ತು ಬೈಸಿಕೊಂಡದ್ದು ನೆನಪಿದೆ. ಮೊನ್ನೆ ಹಾಕಿದೆ. ಹಾಡು ಹಾಡಾಗಿ ಬಂದು, ಒಂದು ಚರಣದ ನಡುವೆ ಕೀಂ ಅಂತ ಶುರುವಾಯಿತು. ಅಮ್ಮ ಕೇಳಿಸಿಕೊಂಡು, "ಇದೇ ಅಲ್ವೇನೋ, ಕೆಂಪು ನೀಲಿ ಪಟ್ಟೆ ಓಡುತ್ತಿದ್ದದ್ದು" ಅಂದರು. ಕ್ಯಾಸೆಟ್ಟಿನಿಂದ ಆಟ ತುಂಬುವಾಗ ಪರದೆಯ ಅಂಚಿನಲ್ಲಿ ಓಡುತ್ತಿದ್ದ ಪಟ್ಟೆಗಳು ಅಮ್ಮನಿಗೂ ನೆನಪಿವೆ.

ಇನ್ನೊಂದು ಸುದ್ದಿ. ನಿನ್ನೆ ನಾವು ಮೂವರೂ ಕೇಯಾಸ್ ಆಡಿದೆವು. ತಮ್ಮ ತುಮಕೂರಿನಲ್ಲಿ, ಅತ್ತೆ ಮಗಳು ಮೆಲ್ಬರ್ನ್‌ನಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್, ವಿಡಿಯೋ ಕಾಲ್‌ನಲ್ಲಿ ಪರದೆ ಎಲ್ಲರಿಗೂ ಕಾಣುವ ಹಾಗೆ. ಕೀಲಿಯನ್ನು ಅವರವರ ಸರದಿಯಲ್ಲಿ ದೂರದಿಂದಲೇ ಒತ್ತಬಹುದು. ತೊಂದರೆ ಏನಾಯಿತು ಅಂದರೆ, ಯಾರು ಯಾವ ಮಂತ್ರ ಆರಿಸುತ್ತಾರೆ ಅನ್ನೋದೂ ಎಲ್ಲರಿಗೂ ಕಾಣುತ್ತದೆ. ಒಂದು ನಿಮಿಷ ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ತಮ್ಮ ಕುರ್ಚಿ ತಿರುಗಿಸಿ ಗೋಡೆ ಕಡೆ ಮುಖ ಮಾಡಿದ. ನಾನೂ ತಿರುಗಿದೆ. ಮೆಲ್ಬರ್ನ್‌ನಿಂದ ಅತ್ತೆಯ ದನಿ ಬಂತು: "ಇಬ್ಬರೂ ಸರಿಯಾಗಿ ತಿರುಗಿ. ನಾನು ನೋಡ್ತಾ ಇದ್ದೀನಿ."

ಮುಂದಿನ ಭಾನುವಾರ ರಾತ್ರಿ 8ಕ್ಕೆ ಮತ್ತೆ ಕೂರುತ್ತೇವೆ. ನಾವು ಮೂವರು. ಐದು ಜಾಗ ಖಾಲಿ ಇವೆ. ಬರುವವರು ಹೇಳಿ.

#16 ಗ್ರಾಫ್ ಹಾಳೆ, ಬೆಂಗಳೂರು

ನನಗೊಂದು. ಈ ಸಲ ಕೀಬೋರ್ಡ್ ನನ್ನದೇ.

#17 ಹಸಿರು ಪರದೆ, ಶಿವಮೊಗ್ಗ

ನಾನು ಬರುತ್ತೇನೆ ಸರ್.

#18 ಕುವೈತ್ ಡಬ್ಬ, ಕುಂದಾಪುರ

ನಾನೂ. ಕರೆಂಟ್ ಹೋಗದಿರಲಿ.

#19 ನಾಲ್ಕು ಜಾಯ್‌ಸ್ಟಿಕ್, ನ್ಯೂಜೆರ್ಸಿ

ಇಲ್ಲಿ ಆಗ ಬೆಳಗ್ಗೆ. ಕಾಫಿ ಲೋಟ ಹಿಡಿದು ಕೂರುತ್ತೇನೆ. ನಾಲ್ಕನೆಯದು ನನಗೆ ಇಡಿ.

#20 ಟರ್ಬೋ ಬಟನ್, ಹುಬ್ಬಳ್ಳಿ

ಲೇಸರ್ ಸ್ಕ್ವಾಡ್ ನಾಲ್ಕು ರಾತ್ರಿಯಿಂದ ಆಡುತ್ತಿದ್ದೇನೆ. ಉಳಿದ ಜಾಗ ನನಗೆ. ಒಂದೇ ಪ್ರಶ್ನೆ, ಆ ಬಂಗಾರದ ಡ್ರ್ಯಾಗನ್ ಬಂದರೆ ನಂಬಬೇಕೋ ಬೇಡವೋ?

#21 ರಬ್ಬರ್ ಕೀಲಿ, ಮೈಸೂರು

ಅದನ್ನು ಹೇಳಲ್ಲ ಗುರು. ಎಂಟೂ ತುಂಬಿತು. ಭಾನುವಾರ 8ಕ್ಕೆ ಬನ್ನಿ, ತಿರುಗುವ ಕುರ್ಚಿ ಇಟ್ಟುಕೊಳ್ಳಿ.